ಔಷಧದಂಗಡಿಯಲ್ಲಿ ಕೇಳಿ ತಿಳಿಯಿರಿ

ಔಷಧದಂಗಡಿಗೆ ಹೋದಾಗ ಚೀಟಿ ಕೊಟ್ಟು, ಪೊಟ್ಟಣ ಹಿಡಿದು ಹೊರಟುಬಿಡಬೇಡಿ. ಫಾರ್ಮಸಿಸ್ಟ್ ಔಷಧಗಳನ್ನೇ ಓದಿಕೊಂಡವರು, ಮಾತನಾಡಿಸಿ. ನೀವು ತೆಗೆದುಕೊಳ್ಳುತ್ತಿರುವ ಎಲ್ಲದರ ಹೆಸರನ್ನೂ (ವಿಟಮಿನ್, ಗಿಡಮೂಲಿಕೆ ಪುಡಿಯನ್ನೂ ಬಿಡದೆ) ಬರೆದು ತೋರಿಸಿ. ನೆಗಡಿಯ ಮಾತ್ರೆಯಲ್ಲೂ ಜ್ವರದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು. ಅರಿಯದೆ ಎರಡನ್ನೂ ನುಂಗಿ ಪ್ರಮಾಣ ಮಿತಿ ಮೀರಿದರೆ ಯಕೃತ್ತಿಗೆ ಅಪಾಯ. ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್‌ಗೂ ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರ ಬೇಕು. ಇದನ್ನು ಎಷ್ಟೋ ಜನರಿಗೆ ಯಾರೂ ಹೇಳಿಯೇ ಇರುವುದಿಲ್ಲ! ರಕ್ತದೊತ್ತಡ ತಪಾಸಣೆ, ಲಸಿಕೆ ಕೆಲವು ಕಡೆ ಅಲ್ಲೇ ಸಿಗುತ್ತವೆ, ವಿಚಾರಿಸಿ. ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡಲು ಒಪ್ಪದವರ ಮೇಲೆ ಸಿಟ್ಟಾಗಬೇಡಿ, ನಂಬಬೇಕಾದವರು ಅವರೇ. ಆದರೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಲ್ಲಿ ನಿಲ್ಲದೆ ನೇರವಾಗಿ ಆಸ್ಪತ್ರೆಗೆ ಹೋಗಿ.