ಸೈಕಲ್ ಹಿಂದೆ ಮಗು ಕೂರಿಸುವಾಗ ಮೊದಲು ಕಾಲು ನೋಡಿ

ಮಕ್ಕಳ ಸೈಕಲ್ ಸುರಕ್ಷತೆ ಅಂದ ಕೂಡಲೇ ಎಲ್ಲರೂ ಹೆಲ್ಮೆಟ್ ತರುತ್ತಾರೆ. ತರಲೇಬೇಕು. ಆದರೆ ಮಗು ಸೈಕಲ್ ತುಳಿಯುತ್ತದೋ, ಹಿಂದೆ ಕೂರುತ್ತದೋ ಅನ್ನುವುದರ ಮೇಲೆ ಪೆಟ್ಟು ಬೀಳುವ ಜಾಗವೇ ಬದಲಾಗುತ್ತದೆ, ಹಾಗಾಗಿ ದೇಶದಿಂದ ದೇಶಕ್ಕೆ ಗಾಯಗಳೂ ಬೇರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿತು, ತಲೆಪೆಟ್ಟಿನ ಭಯಕ್ಕೆ. ನೆದರ್ಲೆಂಡ್ಸ್, ಭಾರತದಂಥ ಕಡೆ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುವುದು ರೂಢಿ. ಅಲ್ಲಿ ಚಕ್ರದ ಕಡ್ಡಿಗೆ ಸಿಕ್ಕಿ ಹಿಮ್ಮಡಿ ಸುಲಿಯುವುದು ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತಿರುವ ಗಾಯ.

ಮೊದಲು ಕಡ್ಡಿ ಮುಚ್ಚಿ. ಹಿಂದಿನ ಚಕ್ರದ ಎರಡೂ ಬದಿಗೆ ಗಟ್ಟಿ ಗಾರ್ಡ್ ಹಾಕಿಸಿ. ಸೀಟಿನಿಂದ ಚಕ್ರದ ಅಚ್ಚಿಗೆ ಇಳಿಯುವ ಕೊಳವೆ ಇದೆಯಲ್ಲ, ಅದರ ಹಿಂಬದಿ ಪೂರ್ತಿ ಮುಚ್ಚಿರಬೇಕು. ಚಕ್ರ ತಿರುಗುವಾಗ ಕಡ್ಡಿ ಪಾದವನ್ನು ಮುಂದಕ್ಕೆ ಎಳೆದು ಈ ಕೊಳವೆಗೇ ಒತ್ತಿ ಹಿಸುಕುತ್ತದೆ. ಬಟ್ಟೆ ಅಥವಾ ತೆಳು ಬಲೆ ಕಟ್ಟಿದರೆ ಸಾಲದು, ಒತ್ತಿದರೆ ಒಳಕ್ಕೆ ಬಾಗುತ್ತದೆ. ಹಾಕಿಸಿದ ಮೇಲೆ ಮಗುವಿನ ಶೂ ಒಂದನ್ನು ಕೈಯಲ್ಲಿ ಹಿಡಿದು, ಸೈಕಲ್ ನಿಲ್ಲಿಸಿಕೊಂಡೇ, ಹಿಂದಿನಿಂದ, ಕೆಳಗಿನಿಂದ, ಓರೆಯಾಗಿ ಒಳಕ್ಕೆ ತಳ್ಳಿ ನೋಡಿ. ಶೂ ತುದಿ ಎಲ್ಲಾದರೂ ಕಡ್ಡಿಗೆ ತಾಗಿದರೆ ಆ ಗಾರ್ಡ್ ಚಿಕ್ಕದು, ಬದಲಾಯಿಸಿ.

ಆಮೇಲೆ ಕಾಲಿಗೆ ಆಸರೆ. ಬರೀ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸುವುದು ಬೇಡವೇ ಬೇಡ. ಪಾದ ಇಡಲು ಜಾಗ, ಪಾದ ಕಟ್ಟುವ ಪಟ್ಟಿ, ಬೆನ್ನಿಗೆ ಒರಗು ಇರುವ ಸೀಟೇ ಬೇಕು. 'ಕಾಲು ಅಗಲಿಸಿ ಕೂತ್ಕೋ' ಅಂತ ಸುಮ್ನೆ ಹೇಳಿ ಹೊರಡುವವರೇ ಜಾಸ್ತಿ. ಮಗುವಿಗೆ ತೂಕಡಿಕೆ ಬಂದರೆ ಆ ಮಾತು ನೆನಪಿರುತ್ತದಾ? ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಶೂ ಹಾಕಿ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು. ಜಾರುಬಂಡೆ ಹತ್ತುವ ಮುಂಚೆ ತೆಗೆಸಿಬಿಡಿ, ಪಟ್ಟಿ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ.

ತಾನೇ ತುಳಿಯುವ ಮಗುವಾದರೆ ಹ್ಯಾಂಡಲ್ ತುದಿಯ ರಬ್ಬರ್ ನೋಡಿ. ಹರಿದು ಕಬ್ಬಿಣ ಕಾಣುತ್ತಿದ್ದರೆ ಅವತ್ತೇ ಬದಲಿಸಿ. ಬಿದ್ದಾಗ ಆ ತುದಿ ಹೊಟ್ಟೆಗೆ ಚುಚ್ಚಿದರೆ ಮೇಲೆ ಸಣ್ಣ ಕಲೆಯಷ್ಟೇ ಇದ್ದರೂ ಒಳಗೆ ಯಕೃತ್ತು (ಲಿವರ್), ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾಗಿರಬಹುದು. ಹೊಟ್ಟೆನೋವು, ವಾಂತಿ ಅಂದರೆ ಕಾಯಬೇಡಿ.

ಕಾಲು ಸಿಕ್ಕಿಯೇಬಿಟ್ಟರೆ ಚಕ್ರ ತಿರುಗಿಸಬೇಡಿ, ಎಳೆಯಬೇಡಿ. ಕಡ್ಡಿ ಬಗ್ಗಿಸಿ ಅಥವಾ ಕತ್ತರಿಸಿ ಬಿಡಿಸಿ, ಡಾಕ್ಟರಿಗೆ ತೋರಿಸಿ. ಜಜ್ಜಿದ ಚರ್ಮ ಮೊದಲ ದಿನ ಚೆನ್ನಾಗಿಯೇ ಕಂಡು ಆಮೇಲೆ ಕಪ್ಪಾಗಬಹುದು, ಅದಕ್ಕೆ ಎರಡು ದಿನ ಬಿಟ್ಟು ಮತ್ತೊಮ್ಮೆ ತೋರಿಸಿ.