ಡೇರಿಗೆ ಹಾಲು ಹಾಕುವವರು ಯಾರು?

ಮಂಗಳವಾರ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯದ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ತಪಾಸಣೆಯ ದಿನ. ಜಿಲ್ಲಾ ಕೇಂದ್ರದಿಂದ ಮನೋವೈದ್ಯರು ಬಂದು ಹೋಗುತ್ತಾರೆ. ಉಳಿದ ದಿನಗಳ ಹೊಣೆ ಸಮಾಜ ಕಾರ್ಯಕರ್ತೆಯಾದ ನನ್ನದು, ಶುಶ್ರೂಷಕಿಯದು, ಆಶಾ ಕಾರ್ಯಕರ್ತೆಯರದು. ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತ್ತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಮೇಲಿನವರಿಗೆ ಬೇಕಾದದ್ದು ಹೊಸ ರೋಗಿಗಳೆಷ್ಟು, ಹಳಬರೆಷ್ಟು ಎಂಬ ಲೆಕ್ಕ. ಅದನ್ನು ತುಂಬಿ ಕಳಿಸುತ್ತೇನೆ. ಗುಣವಾಗುತ್ತಿದೆಯೇ ಎಂದು ತಿಳಿಯಲು ನನ್ನದೇ ಒಂದು ನೋಟ್‌ಬುಕ್ ಇದೆ. ಸ್ನಾನ ಹೇಳಿಸಿಕೊಂಡೋ, ತಾನಾಗಿಯೋ? ಊಟ ಎಲ್ಲರ ಜೊತೆಗೋ, ತಟ್ಟೆ ಕೋಣೆಗೆ ಹೋಗುತ್ತದೆಯೋ? ನೆಂಟರ ಮದುವೆಗೆ ಕರೆದೊಯ್ದರೇ?

ಯಾರೂ ಆಡದ ಮಾತು ಕಿವಿಗೆ ಕೇಳಿಸುವ ಕಾಯಿಲೆ, ಸ್ಕಿಜೋಫ್ರೇನಿಯಾ, ಇದ್ದ ಒಬ್ಬ ರೈತ ಮಾತ್ರೆ ಉಗಿಯುತ್ತಿದ್ದ. ಹಟವೆಂದು ಮನೆಯವರು ಬೈಯುತ್ತಿದ್ದರು. ಕಾಫಿ ಲೋಟ ಎತ್ತಿದಾಗ ಕೈ ನಡುಗಿ ಅಂಗಿಯ ಮೇಲೆಲ್ಲ ಚೆಲ್ಲುತ್ತಿದ್ದುದನ್ನು ಆಶಾ ಕಾರ್ಯಕರ್ತೆ ಕಂಡಳು. ಅದು ಮಾತ್ರೆಯ ಅಡ್ಡ ಪರಿಣಾಮ; ವೈದ್ಯರು ಮಾತ್ರೆ ಬದಲಿಸಿದರು. ಆಮೇಲೊಂದು ದಿನ ತಾಯಿಯನ್ನು ಕೇಳಿದೆ: "ಕಿವಿಯಲ್ಲಿ ಮಾತು ಕೇಳಿಸುವುದು ನಿಂತಿತೇ?"

"ಅದು ಅವನಿಗೇ ಗೊತ್ತು ಮೇಡಂ. ಡೇರಿಗೆ ಹಾಲು ಹಾಕುವುದು ಈಗ ಅವನೇ. ಫ್ಯಾಟ್ ಕಡಿಮೆ ಬರೆದರೆಂದು ನಿನ್ನೆ ಕಾರ್ಯದರ್ಶಿಯ ಜೊತೆ ಜಗಳವನ್ನೂ ಆಡಿ ಬಂದಿದ್ದಾನೆ."

ಮಾತು ಇಂದಿಗೂ ಆಗಾಗ ಕೇಳಿಸುತ್ತದಂತೆ. ನನ್ನ ಪ್ರಕಾರ ಆ ಜಗಳದ ತೂಕವೇ ಹೆಚ್ಚು.

ಮಂಗಳವಾರ ಯಾರು ತಪ್ಪಿಸಿದರೋ ಅವರಿಗೆ ಬುಧವಾರವೇ ಫೋನ್. ಎತ್ತದಿದ್ದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ. ರಾತ್ರಿ ಹೊತ್ತಿಗೆಂದು ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಔಷಧಿ ಚೀಟಿಯ ಮೇಲೆ ದಪ್ಪಗೆ ಬರೆದುಕೊಡುತ್ತೇನೆ.

ತೊಡಕು ಬರುವುದು ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕನ್ನು ಅಳೆದು ಅಂಕ ಹಾಕುತ್ತಾರೆ. ಸೌಲಭ್ಯಕ್ಕೆ ಶೇ 40 ವೈಕಲ್ಯವಾದರೂ ಇರಬೇಕು. ಚೇತರಿಸಿಕೊಂಡಷ್ಟೂ ಪಿಂಚಣಿ ಕೈತಪ್ಪುವ ಭಯ. ತಪಾಸಣೆಯ ದಿನ ಗಡ್ಡ ತೆಗೆಸದೆ, ಹಳೇ ಅಂಗಿಯಲ್ಲಿ ಮಗನನ್ನು ಕರೆತರುವವರಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕಾಯಿಲೆಯ ವರ್ಷಗಳಿಗೂ ಅಂಕವಿದೆ; ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿಗೆ ಹಾಕಿಸಿ, ಗಡ್ಡ ತೆಗೆಸಿಯೇ ಕರೆತನ್ನಿ ಎನ್ನುತ್ತೇನೆ.

ಗುಣವಾದರೂ ಗಂಡನ ಮನೆಯವರು ಕರೆದುಕೊಳ್ಳದ ಹೆಂಗಸರ ವಿಷಯದಲ್ಲಿ ಔಷಧಿಯಿಂದ ಆಗುವುದೇನೂ ಇಲ್ಲ. ಅವರ ಕಾಗದಗಳು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗುತ್ತವೆ.