ಕಾಲೇಜು ಅರ್ಜಿಯಲ್ಲಿ ವಿಡಿಯೋ ಗೇಮ್ ಹವ್ಯಾಸ ಬರೆಯಬೇಕಾ?

ರಾಯಚೂರಿನ ಪಿಯು ಮಕ್ಕಳೇ, ಕೆಸಿಇಟಿ, ಜೆಇಇ ಮೂಲಕ ಸೇರುವುದಾದರೆ ಈ ಚಿಂತೆಯೇ ಬೇಡ. ನಮ್ಮೂರ ಐಐಐಟಿಯ ಬಿ.ಟೆಕ್ ಸೀಟು ಕೂಡ ಜೆಇಇ ಮೇನ್ ರ‍್ಯಾಂಕ್ ಮೇಲೆಯೇ ಸಿಗುವುದು.

ಅಮೆರಿಕದ ಕಾಲೇಜುಗಳ ಮಾತು ಬೇರೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆ ತುಂಬಬಹುದು. ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ, ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಸುಮ್ನೆ ‘ಗೇಮ್ ಆಡುತ್ತೇನೆ’ ಅಂತ ಬರೆದರೆ ಏನು ತಿಳಿಯುತ್ತದೆ, ಅಲ್ವಾ? ಆಡಿದ್ದಕ್ಕಿಂತ ಮಾಡಿದ್ದನ್ನು ಬರೆಯಿರಿ. ಮೈನ್‌ಕ್ರಾಫ್ಟ್‌ನಲ್ಲಿ ರೆಡ್‌ಸ್ಟೋನ್ (ಆಟದೊಳಗೆ ವಿದ್ಯುತ್ ತಂತಿಯಂತೆ ಕೆಲಸ ಮಾಡುವ ವಸ್ತು) ಬಳಸಿ ಲಾಜಿಕ್ ಗೇಟ್ ಕಟ್ಟಿದ್ದೀರಾ? ಗೇಮ್ ತಯಾರಿಸುವ ಸಾಫ್ಟ್‌ವೇರ್ ಗೋಡಾಟ್‌ನಲ್ಲಿ ಪುಟ್ಟ ಕನ್ನಡ ಗೇಮ್ ಮಾಡಿದ್ದೀರಾ? ಓಣಿಯ ಹುಡುಗರಿಗೆ ಟೂರ್ನಮೆಂಟ್ ನಡೆಸಿದ್ದೀರಾ? ಧೈರ್ಯವಾಗಿ ಹಾಕಿ. ನನಗಂತೂ ಅದು ಚರ್ಚಾ ಸ್ಪರ್ಧೆಯಷ್ಟೇ ಗಟ್ಟಿ ಅನಿಸುತ್ತದೆ. ವಾರಕ್ಕೆ ಎಷ್ಟು ಗಂಟೆ ಅಂತಲೂ ಕೇಳುತ್ತಾರೆ, ಇದ್ದದ್ದನ್ನೇ ಬರೆಯಿರಿ.